ಮುಳ್ಳು, ಗರಸು, ರಾಗಿ ಹುಲ್ಲು: ಬಯಲುಸೀಮೆಯ ಮಣ್ಣುದಾರಿಗೆ ಸೈಕಲ್ ಅಣಿ ಮಾಡುವುದು

ಸೈಕಲ್ಲಿಗೆ ಚೀಲ ಬಿಗಿದುಕೊಂಡು ಎರಡು ಮೂರು ದಿನ ಮಣ್ಣುದಾರಿ ಹಿಡಿದು ಸುತ್ತುವುದಕ್ಕೆ ಬೈಕ್‌ಪ್ಯಾಕಿಂಗ್ ಅನ್ನುತ್ತಾರೆ. ಅದರ ಬಗ್ಗೆ ಸಿಗುವ ಸಲಹೆಗಳು ಹೆಚ್ಚಾಗಿ ಚಳಿ, ಕೆಸರು, ಪೈನ್ ಕಾಡುಗಳ ದೇಶದಲ್ಲಿ ಹುಟ್ಟಿದವು. ಮಧುಗಿರಿ ಸುತ್ತಿನ ಬಂಡಿ ಜಾಡು, ಗುಡಿಬಂಡೆ ಕಡೆಯ ಕೆರೆ ಏರಿ, ಮುಳಬಾಗಿಲು ಕಡೆಯ ನೀಲಗಿರಿ ತೋಪಿನ ದಾರಿ, ಇಲ್ಲೆಲ್ಲ ಸೈಕಲ್ಲಿನ ಶತ್ರುಗಳೇ ಬೇರೆ: ಮುಳ್ಳು, ಗರಸು, ಧೂಳು. ನವೆಂಬರ್ ಬಂತೆಂದರೆ ಜೊತೆಗೆ ರಾಗಿ ಹುಲ್ಲು. ಹಾಗಾಗಿ ನಮ್ಮ ಕಡೆ ಸೈಕಲ್ಲನ್ನು ಟೈರಿನಿಂದ ಶುರುಮಾಡಿ ಆರಿಸಬೇಕು. ಫ್ರೇಮು, ಗೇರು, ಬಣ್ಣ ಎಲ್ಲ ಆಮೇಲೆ. ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು ಎರಡೇ ಮಾತು: ಈ ಫ್ರೇಮಿನಲ್ಲಿ ಎಷ್ಟು ಅಗಲದ ಟೈರು ಕೂರುತ್ತೆ? ರಿಮ್ಮು ಟ್ಯೂಬ್‌ಲೆಸ್‌ಗೆ ಆಗುತ್ತಾ?

ಟೈರು, ಗಾಳಿ, ಮುಳ್ಳು

ಇಲ್ಲಿನ ದಾರಿಗಳಲ್ಲಿ ಎರಡು ಬಗೆಯ ಮುಳ್ಳು ಕಾಟ ಕೊಡುತ್ತವೆ. ಒಂದು ಬಳ್ಳಾರಿ ಜಾಲಿ. ಒಣಗಿದ ಕೆರೆಯಂಗಳ, ಹಳ್ಳದ ದಂಡೆ, ಪಾಳು ಹೊಲ, ಎಲ್ಲೆಲ್ಲೂ ಅದೇ. ಸೌದೆಗೆ ಕಡಿದು ಎಳೆದೊಯ್ಯುವಾಗ ದಾರಿಯುದ್ದಕ್ಕೂ ಮುಳ್ಳು ಉದುರುತ್ತದೆ. ಒಣಗಿದ ಮೇಲೆ ಅದು ಮೊಳೆಗೆ ಸಮ. ದಪ್ಪ ಟೈರನ್ನೂ ತೂರಿ ಒಳಗೆ ಮುರಿದು ನಿಲ್ಲುತ್ತದೆ. ಇನ್ನೊಂದು ನೆಗ್ಗಿಲು ಮುಳ್ಳು. ನೆಲಕ್ಕಂಟಿ ಹರಡುವ ಈ ಬಳ್ಳಿಯ ಕಾಯಿ ಹೇಗೆ ಬಿದ್ದರೂ ಒಂದು ಮೊನೆ ಮೇಲೆ ನೋಡುತ್ತಿರುತ್ತದೆ. ಜಾಲಿ ಒಂದು ದೊಡ್ಡ ತೂತು ಮಾಡಿದರೆ, ನೆಗ್ಗಿಲು ಒಂದೇ ಏಟಿಗೆ ಹತ್ತು ಹದಿನೈದು ಸಣ್ಣ ತೂತು ಮಾಡುತ್ತದೆ. ಬರೀ ಟ್ಯೂಬ್ ಹಾಕಿ ಹೊರಟವರು ಅವತ್ತು ಪ್ಯಾಚ್ ಅಂಟಿಸುತ್ತಲೇ ಕೂರಬೇಕು.

ಟ್ಯೂಬ್‌ಲೆಸ್ ಟೈರಿನೊಳಗೆ ರಬ್ಬರ್ ಹಾಲಿನಂಥ ಸೀಲೆಂಟ್ ಇರುತ್ತದೆ. ತೂತಿನಿಂದ ಗಾಳಿ ನುಗ್ಗುವಾಗ ಅದೂ ಜೊತೆಗೆ ನುಗ್ಗಿ, ಗಾಳಿ ತಗುಲಿ ಹೆಪ್ಪುಗಟ್ಟಿ, ತೂತಿಗೆ ಬಿರಡೆಯಾಗುತ್ತದೆ. 29 ಇಂಚಿನ, 2.2 ಇಂಚು ಅಗಲದ ಟೈರಿಗೆ 100ರಿಂದ 120 ಮಿ.ಲೀ. ಬೇಕು, ಡಾಂಬರು, ಮಣ್ಣು ಎರಡಕ್ಕೂ ಆಗುವ ಗ್ರಾವೆಲ್ ಸೈಕಲ್ಲಿನ 40–45 ಮಿ.ಮೀ. ಅಗಲದ ಟೈರಿಗೆ 60ರಿಂದ 80 ಮಿ.ಲೀ. ಸಾಕು. ಮುಳ್ಳಿನ ತೂತೆಲ್ಲ ಇದರಲ್ಲೇ ಮುಚ್ಚುತ್ತದೆ. ಗಾಜಿನ ಚೂರೋ ಚೂಪು ಕಲ್ಲೋ ಸೀಳಿದ್ದಕ್ಕೆ ರಬ್ಬರ್ ಬತ್ತಿ, ಅಂದರೆ ಪ್ಲಗ್, ತುರುಕಬೇಕು. ಟೈರಿನ ಪಕ್ಕೆ ಹರಿದರೆ ಮಾತ್ರ ಸೀಲೆಂಟಿನ ಆಟ ನಡೆಯುವುದಿಲ್ಲ: ಅಲ್ಲಿ ರಬ್ಬರು ತೆಳು, ಪ್ರತಿ ಸುತ್ತಿಗೂ ಬಾಗುತ್ತದೆ, ಹೆಪ್ಪು ನಿಲ್ಲುವುದಿಲ್ಲ. ಆಗ ಒಳಗಿನಿಂದ ಹಳೆ ಟೈರಿನ ತುಂಡು ಒತ್ತಿಟ್ಟು, ಸೂಜಿ ಮತ್ತು ನೈಲಾನ್ ದಾರದಲ್ಲಿ ಹೊಲಿದು, ಟ್ಯೂಬ್ ಹಾಕಿ ಹೊರಡುವುದೊಂದೇ ದಾರಿ.

ಮುಳ್ಳು ಕಂಡ ಕೂಡಲೇ ಕೀಳಬೇಡಿ. ಗಾಳಿ ಹೋಗದಿದ್ದರೆ ಮುಳ್ಳೇ ಬಿರಡೆಯಾಗಿದೆ ಎಂದರ್ಥ. ನೆರಳಿಗೆ ತಂದು, ಮುಳ್ಳಿರುವ ಜಾಗ ಕೆಳಕ್ಕೆ ಬರುವಂತೆ ಚಕ್ರ ತಿರುಗಿಸಿ, ಸೀಲೆಂಟ್ ಅಲ್ಲಿ ಇಳಿದು ನಿಂತ ಮೇಲೆ ಕಿತ್ತು, ನಾಲ್ಕು ಸುತ್ತು ತಿರುಗಿಸಿ, ಮತ್ತೆ ಆ ಜಾಗವನ್ನೇ ಕೆಳಗಿಟ್ಟು ಎರಡು ನಿಮಿಷ ಬಿಡಿ.

ಬಿಸಿಲಿಗೆ ಸೀಲೆಂಟ್ ಬೇಗ ಒಣಗುತ್ತದೆ. ಫೆಬ್ರವರಿಯಿಂದ ಮೇವರೆಗೆ ಆರು ವಾರಕ್ಕೊಮ್ಮೆ, ಉಳಿದ ತಿಂಗಳಲ್ಲಿ ಎರಡು ಮೂರು ತಿಂಗಳಿಗೊಮ್ಮೆ ನೋಡಿ. ಚಕ್ರ ಬಿಚ್ಚಿ ಕಿವಿಯ ಹತ್ತಿರ ಅಲುಗಿಸಿದರೆ ಕುಲುಕುವ ಸದ್ದು ಬರಬೇಕು. ಅನುಮಾನವಿದ್ದರೆ ವಾಲ್ವಿನ ಒಳತಿರುಳು ಬಿಚ್ಚಿ, ಸಣ್ಣ ಪ್ಲಾಸ್ಟಿಕ್ ಟೈ ಇಳಿಬಿಟ್ಟು, ಎಷ್ಟು ಒದ್ದೆಯಾಯಿತು ಎಂದು ಬಾವಿಯ ನೀರು ನೋಡಿದ ಹಾಗೆ ನೋಡಬಹುದು. ಬೈಕು, ಸ್ಕೂಟರಿಗೆಂದು ಮಾರುವ ಸೀಲೆಂಟ್ ಸೈಕಲ್ಲಿಗೆ ಒಗ್ಗುವುದಿಲ್ಲ. ಅದು ಮಂದ, ಸಣ್ಣ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ.

ರಿಮ್ಮು ಟ್ಯೂಬ್‌ಲೆಸ್ ಅಲ್ಲದಿದ್ದರೆ ಸೈಕಲ್ಲನ್ನೇ ಬದಲಿಸಬೇಕಾಗಿಲ್ಲ. ವಾಲ್ವಿನ ತಿರುಳು ಬಿಚ್ಚಲು ಬರುವ ಟ್ಯೂಬಿನೊಳಕ್ಕೇ 80–100 ಮಿ.ಲೀ. ಸೀಲೆಂಟ್ ಸುರಿಯಿರಿ. ಟ್ಯೂಬ್‌ಲೆಸ್‌ನಷ್ಟು ಚೆನ್ನಾಗಿ ಕೆಲಸ ಮಾಡದು, ಆದರೆ ನೆಗ್ಗಿಲಿಗೆ ಸಾಕು.

ಗಾಳಿಯ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಹೆಚ್ಚು ತುಂಬುವುದು. ಗಟ್ಟಿ ನೆಲದ ಮೇಲೆ ಹರಳು ಹರಳಾಗಿ ಗರಸು ಹರಡಿದ ಇಳಿಜಾರು ನಮ್ಮಲ್ಲಿ ಮಾಮೂಲು. ಕಲ್ಲುಬಂಡೆ ಸವೆದು ಉದುರಿದ ಮಣ್ಣದು. ಅದರ ಮೇಲೆ ಬಿರುಸಾದ ಟೈರು ಗೋಲಿಗಳ ಮೇಲೆ ಕಾಲಿಟ್ಟ ಹಾಗೆ ಜಾರುತ್ತದೆ. 70 ಕೆ.ಜಿ. ತೂಕದವರು 10 ಕೆ.ಜಿ. ಸಾಮಾನು ಹೊತ್ತಿದ್ದರೆ, 2.2 ಇಂಚಿನ ಟ್ಯೂಬ್‌ಲೆಸ್ ಟೈರಿಗೆ ಮುಂದೆ 20–22, ಹಿಂದೆ 24–26 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಟ್ಟು ಶುರುಮಾಡಿ. ಟ್ಯೂಬ್ ಇದ್ದರೆ ಐದಾರು ಪಿಎಸ್‌ಐ ಹೆಚ್ಚಿಸಲೇಬೇಕು. ಇಲ್ಲದಿದ್ದರೆ ಕಲ್ಲಿನ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ, ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ರಿಮ್ಮಿಗೆ ಕಲ್ಲು ಟಣ್ ಎಂದು ತಾಕಿದ್ದು ಕೇಳಿದರೆ ಎರಡು ಪಿಎಸ್‌ಐ ಏರಿಸಿ. ಗರಸಿನಲ್ಲಿ ಮುಂಚಕ್ರ ಜಾರಿದರೆ ಒಂದು ಇಳಿಸಿ.

ಹಳ್ಳಿಯ ಪಂಚರ್ ಅಂಗಡಿಯ ಕಂಪ್ರೆಸರ್ ಪೈಪು ಬೈಕಿನ ವಾಲ್ವಿಗೆ ಮಾಡಿದ್ದು. ನಿಮ್ಮದು ಸಣ್ಣ ಕಡ್ಡಿಯಂಥ ಪ್ರೆಸ್ಟಾ ವಾಲ್ವಾದರೆ ಅದಕ್ಕೆ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಬೇಕು. ಕಾಳಿನಷ್ಟೇ ಇರುವ ಅದನ್ನು ವಾಲ್ವಿಗೇ ತಿರುಗಿಸಿ ಇಟ್ಟುಕೊಂಡಿರಿ, ಕಳೆಯುವುದಿಲ್ಲ. ಕಂಪ್ರೆಸರ್ ಕ್ಷಣದಲ್ಲಿ 60–70 ಪಿಎಸ್‌ಐ ನುಗ್ಗಿಸಬಲ್ಲದು, ಹಾಗಾಗಿ ಪೈಪು ಒತ್ತುವ ಕೈ ನಿಮ್ಮದೇ ಇರಲಿ.

ಟ್ಯೂಬ್‌ಲೆಸ್ ಇದ್ದರೂ ಒಂದು ಟ್ಯೂಬ್ ಜೊತೆಗಿರಬೇಕು. ಅದನ್ನು ಹಾಕುವ ಗಳಿಗೆ ಬಂದಾಗ ಎಚ್ಚರ. ಸೀಲೆಂಟ್ ಆರೆಂಟು ತಿಂಗಳು ಸದ್ದಿಲ್ಲದೆ ಮುಚ್ಚಿದ ಮುಳ್ಳುಗಳೆಲ್ಲ ಟೈರಿನ ಒಳಮೈಯಲ್ಲಿ ಹಾಗೇ ನಿಂತಿರುತ್ತವೆ. ಹೊಸ ಟ್ಯೂಬ್ ಹಾಕಿ ಗಾಳಿ ತುಂಬಿದರೆ ಹತ್ತು ಕಡೆ ಚುಚ್ಚುತ್ತದೆ. ಮೊದಲು ಬಟ್ಟೆಯಿಂದ ಒಳಮೈ ಸವರಿ. ನೂಲು ಸಿಕ್ಕಿದ ಕಡೆಯಲ್ಲೆಲ್ಲ ಮುಳ್ಳಿದೆ. ಇಕ್ಕಳದಿಂದ ಒಂದೊಂದೇ ಕೀಳಿ. ಬರಿಗೈಯಲ್ಲಿ ಸವರಿದರೆ ಮುಳ್ಳು ಸಿಗುತ್ತದೆ ನಿಜ, ಬೆರಳಿಗೆ.

ಯಾವ ಸೈಕಲ್ಲು

ಮುಂದಷ್ಟೇ ಸಸ್ಪೆನ್ಶನ್ ಇರುವ ಸಾದಾ ಮೌಂಟೇನ್ ಬೈಕು, ಹಾರ್ಡ್‌ಟೈಲ್, ಈ ಸೀಮೆಗೆ ಹೇಳಿ ಮಾಡಿಸಿದ್ದು. 100ರಿಂದ 120 ಮಿ.ಮೀ. ಕುಗ್ಗುವ ಫೋರ್ಕ್ ಸಾಕು. ಹಿಂದೆ ಸಸ್ಪೆನ್ಶನ್ ಇಲ್ಲದಿದ್ದರೆ ಫ್ರೇಮಿನ ತ್ರಿಕೋನ ಖಾಲಿ ಉಳಿಯುತ್ತದೆ, ಅಲ್ಲಿ ಚೀಲ ಕಟ್ಟಬಹುದು. ಧೂಳು ಕುಡಿದು ಕಿರುಗುಟ್ಟುವ ಬೇರಿಂಗುಗಳೂ ಕಡಿಮೆ. ಕಡಿಮೆ ಬೆಲೆಗೆ ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗ್ ಹಾಕಿ ಕೊಡುವ ಸೈಕಲ್ಲು ಮಾತ್ರ ಬೇಡವೇ ಬೇಡ. ತುಳಿದ ಬಲದಲ್ಲಿ ಒಂದು ಪಾಲನ್ನು ಆ ಸ್ಪ್ರಿಂಗೇ ನುಂಗುತ್ತದೆ. ಹೆಚ್ಚಾಗಿ ಹಳ್ಳಿಯ ಡಾಂಬರು ರಸ್ತೆ, ನಡುನಡುವೆ ಮಣ್ಣು ಎಂಬಂತಹ ಓಡಾಟಕ್ಕೆ ಬಾಗಿದ ಹ್ಯಾಂಡಲಿನ ಗ್ರಾವೆಲ್ ಸೈಕಲ್ಲು ಹಗುರ, ವೇಗ. ಅದರಲ್ಲಿ 45 ಮಿ.ಮೀ. ಟೈರು ಹಿಡಿಯಬೇಕು. 35ರದ್ದು ಹಾಕಿಕೊಂಡು ಹಳ್ಳದ ಮರಳಿಗೆ ಇಳಿದರೆ ಹೂತು, ದೂಡಿಕೊಂಡೇ ಹೋಗಬೇಕು.

ಗೇರಿನ ಲೆಕ್ಕ ಅಂಗಡಿಯವರು ಹೇಳುವ "21 ಸ್ಪೀಡ್", "27 ಸ್ಪೀಡ್"ನಲ್ಲಿ ಸಿಗುವುದಿಲ್ಲ. ನೋಡಬೇಕಾದ್ದು ಎಲ್ಲಕ್ಕಿಂತ ಹಗುರವಾದ ಗೇರು ಯಾವುದು ಎಂದು. ಮುಂದಿನ ಅತಿ ಸಣ್ಣ ಹಲ್ಲುಚಕ್ರದ ಹಲ್ಲುಗಳನ್ನು ಹಿಂದಿನ ಅತಿ ದೊಡ್ಡದರ ಹಲ್ಲುಗಳಿಂದ ಭಾಗಿಸಿ. 22ಕ್ಕೆ 34 ಇದ್ದರೆ 0.65, ಮುಂದೆ ಒಂದೇ ಚಕ್ರವಿರುವ ಸೈಕಲ್ಲಿನಲ್ಲಿ 32ಕ್ಕೆ 51 ಇದ್ದರೆ 0.63. 29 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.3 ಮೀಟರ್ ಉರುಳುತ್ತದೆ, ಅಂದರೆ ಪೆಡಲಿನ ಒಂದು ಸುತ್ತಿಗೆ ಒಂದೂವರೆ ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಐದೂವರೆ ಕಿ.ಮೀ. ವೇಗ. ನಂದಿ ಬೆಟ್ಟದ ನೆತ್ತಿ 1,478 ಮೀಟರ್. ಹತ್ತುವ ಏಳೆಂಟು ಕಿ.ಮೀ.ಯಲ್ಲಿ ಚೀಲ ಹೊತ್ತು ಉಸಿರು ಉಳಿಸಿಕೊಳ್ಳಲು ಈ ವೇಗವೇ ಬೇಕು. ಹಗುರದ ಗೇರೇ 1.0 ಆಗಿರುವ ಸೈಕಲ್ಲಿನಲ್ಲಿ ಅದೇ ಕಾಲಿನ ಲಯಕ್ಕೆ ಗಂಟೆಗೆ ಎಂಟು ಕಿ.ಮೀ. ಹೋಗಲೇಬೇಕು. ಚೀಲದ ತೂಕದೊಂದಿಗೆ ಕಡಿದಾದ ತಿರುವಿನಲ್ಲಿ ಹೆಚ್ಚಿನವರು ಇಳಿದು ನಡೆಯುತ್ತಾರೆ. ಗ್ರಾವೆಲ್ ಸೈಕಲ್ ಕೊಳ್ಳುವವರು 0.8ಕ್ಕಿಂತ ಮೇಲಿನದನ್ನು ಒಪ್ಪಬಾರದು.

ಚಕ್ರಕ್ಕೆ 32 ಕಡ್ಡಿ ಇರಲಿ. 24 ಕಡ್ಡಿಯ ಹಗುರ ಚಕ್ರದಲ್ಲಿ ಒಂದು ಮುರಿದರೆ ರಿಮ್ಮು ಓಲಾಡಿ ಫ್ರೇಮಿಗೆ ಉಜ್ಜುತ್ತದೆ. 32ರದ್ದು ಊರು ಮುಟ್ಟಿಸುತ್ತದೆ.

ಬ್ರೇಕು

ಡಿಸ್ಕ್ ಬ್ರೇಕೇ ಆಗಲಿ. ಕೆಂಪು ಮಣ್ಣಿನ ಕೆಸರಿನಲ್ಲಿ ರಿಮ್ ಬ್ರೇಕು ಉಜ್ಜುಕಾಗದದ ಹಾಗೆ ರಿಮ್ಮನ್ನೇ ತಿನ್ನುತ್ತದೆ. ಕೇಬಲ್ ಡಿಸ್ಕು ಹಳ್ಳಿಯಲ್ಲೂ ರಿಪೇರಿಯಾಗುತ್ತದೆ. ಹೈಡ್ರಾಲಿಕ್ ಬ್ರೇಕಿಗೆ ಎರಡು ಬೆರಳಿನ ಬದಲು ಒಂದೇ ಬೆರಳು ಸಾಕು. ಹೈಡ್ರಾಲಿಕ್ಕಾದರೆ ಯಾವ ದ್ರವ ಎಂದು ತಿಳಿದಿರಬೇಕು. ಶಿಮಾನೊ ಬ್ರೇಕಿಗೆ ಮಿನರಲ್ ಆಯಿಲ್, ಸ್ರ್ಯಾಮ್‌ನ ಹಲವು ಮಾದರಿಗಳಿಗೆ ಕಾರಿಗೆ ಹಾಕುವ ಬಗೆಯ ಡಾಟ್ ದ್ರವ. ಒಂದರ ಬದಲು ಇನ್ನೊಂದು ಬಿದ್ದರೆ ಒಳಗಿನ ರಬ್ಬರ್ ಸೀಲುಗಳು ಊದಿ ಬ್ರೇಕೇ ಹೋಗುತ್ತದೆ.

ದೇವರಾಯನದುರ್ಗದಿಂದಲೋ ನಂದಿಯಿಂದಲೋ ಇಳಿಯುವಾಗ ಬ್ರೇಕನ್ನು ಒಂದೇ ಸಮ ಒತ್ತಿ ಹಿಡಿದರೆ ಪ್ಯಾಡ್ ಕಾದು ಹೊಳಪೇರುತ್ತದೆ. ಆಮೇಲೆ ಕಿರುಚುತ್ತದೆಯೇ ಹೊರತು ಹಿಡಿಯುವುದಿಲ್ಲ. ತಿರುವಿಗೆ ಮುಂಚೆ ಎರಡೂ ಬ್ರೇಕು ಬಲವಾಗಿ ಒತ್ತಿ, ಬಿಟ್ಟು, ತಣಿಯಲು ಗಾಳಿ ಕೊಡಿ. ಸಾಮಾನು ಹೊರುವ ಸೈಕಲ್ಲಿಗೆ ಮುಂದಿನ ಡಿಸ್ಕು 160ರ ಬದಲು 180 ಮಿ.ಮೀ. ಇದ್ದರೆ ಕಾವು ಕಡಿಮೆ. ಪ್ಯಾಡಿನ ಉಜ್ಜುವ ಪದರ ಅರ್ಧ ಮಿ.ಮೀ.ಗೆ ಇಳಿಯುವ ಮುಂಚೆ ಬದಲಿಸಿ. ಡಿಸ್ಕು ಹೊಸದರಲ್ಲಿ 1.8 ಮಿ.ಮೀ. ದಪ್ಪವಿದ್ದರೆ 1.5ಕ್ಕೆ ತೆಗೆಯಬೇಕು. ಹೊಸ ಪ್ಯಾಡ್ ಹಾಕಿದ ಕೂಡಲೇ ಬೆಟ್ಟ ಇಳಿಯಬಾರದು. ಮಟ್ಟದ ರಸ್ತೆಯಲ್ಲಿ ವೇಗ ಪಡೆದು, ನಿಲ್ಲುವಷ್ಟು ಒತ್ತದೆ ನಿಧಾನಿಸುವುದನ್ನು ಇಪ್ಪತ್ತು ಮೂವತ್ತು ಸಲ ಮಾಡಿ. ಪ್ಯಾಡಿನ ಪದರ ಡಿಸ್ಕಿನ ಮೇಲೆ ಕೂತ ಮೇಲೆಯೇ ಅದು ಹಿಡಿಯುವುದು. ಡಿಸ್ಕ್ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸಿ. ಕೈಗೆ ಹಾಕಿಕೊಳ್ಳುವ ಸ್ಯಾನಿಟೈಸರಿನಲ್ಲಿ ಗ್ಲಿಸರಿನ್ ಇರುತ್ತದೆ, ಜಿಡ್ಡು ಬಿಡುತ್ತದೆ.

ಚೈನು ಮತ್ತು ಧೂಳು

ಕೋಲಾರದ ಬೇಸಿಗೆಯ ಧೂಳು ಎಣ್ಣೆ ಹಚ್ಚಿದ ಚೈನಿನ ಮೇಲೆ ಕೂತರೆ ಸಾಣೆಗೆ ಬಳಸುವ ಪೇಸ್ಟೇ ತಯಾರಾಗುತ್ತದೆ. ಮಂದವಾದ ಎಣ್ಣೆ, ಗ್ರೀಸು, ಗ್ಯಾರೇಜಿನ ಹಳೆ ಎಂಜಿನ್ ಆಯಿಲ್ ಬೇಡ. ಒಣ ತಿಂಗಳುಗಳಿಗೆ ಮೇಣ ಒಳ್ಳೆಯದು, ಮನೆಯಲ್ಲೇ ಮಾಡಬಹುದು. ಚೈನನ್ನು ಕ್ವಿಕ್ ಲಿಂಕ್‌ನಲ್ಲಿ, ಅಂದರೆ ಬಿಚ್ಚಿ ಜೋಡಿಸಲು ಬರುವ ಕೊಂಡಿಯಲ್ಲಿ, ಬಿಚ್ಚಿ, ಸೀಮೆಎಣ್ಣೆಯಲ್ಲೋ ಟರ್ಪೆಂಟೈನಿನಲ್ಲೋ ಎರಡು ಮೂರು ಸಲ, ದ್ರವ ತಿಳಿಯಾಗಿ ಉಳಿಯುವವರೆಗೆ ಅಲುಬಿ. ಕೊನೆಗೆ ಸ್ಪಿರಿಟ್‌ನಲ್ಲಿ ಅದ್ದಿ ಪೂರಾ ಒಣಗಿಸಿ. ಸಾದಾ ಪ್ಯಾರಾಫಿನ್ ಮೇಣವನ್ನು ಡಬ್ಬಿಯಲ್ಲಿ ಹಾಕಿ, ಆ ಡಬ್ಬಿಯನ್ನು ಕುದಿಯುವ ನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ನೇರ ಉರಿಯ ಮೇಲೆ ಎಂದೂ ಇಡಬಾರದು, ಹೊತ್ತಿಕೊಳ್ಳುತ್ತದೆ. ಚೈನನ್ನು ಹತ್ತು ನಿಮಿಷ ಮುಳುಗಿಸಿ, ಅಲುಗಿಸಿ, ಎತ್ತಿ ತೂಗು ಹಾಕಿ. ಆರಿದ ಮೇಲೆ ಕೋಲಿನ ಹಾಗೆ ಸೆಟೆದಿರುತ್ತದೆ. ಒಂದೊಂದೇ ಕೊಂಡಿ ಬಾಗಿಸಿ ಹಾಕಿ. ಇನ್ನೂರು ಮುನ್ನೂರು ಕಿ.ಮೀ. ಬರುತ್ತದೆ. ಮಳೆಯಲ್ಲಿ ನೆನೆದರೆ ಮಾತ್ರ ಅವತ್ತೇ ಮತ್ತೆ ಮಾಡಬೇಕು. ಹಾಗಾಗಿ ಸೆಪ್ಟೆಂಬರ್–ಅಕ್ಟೋಬರ್ ಮಳೆಗೆ ಸೀಸೆಯ ಎಣ್ಣೆಯೇ ಸರಿ. ಕೊಂಡಿಗೊಂದು ಹನಿ ಹಾಕಿ, ಐದು ನಿಮಿಷ ಬಿಟ್ಟು, ಹೊರಗಿನದನ್ನೆಲ್ಲ ಒರೆಸಿಬಿಡಿ.

ಚೈನು ಎಷ್ಟು ಸವೆದಿದೆ ಎಂದು ನೋಡಲು ಶಾಲೆಯ ಉಕ್ಕಿನ ಸ್ಕೇಲು ಸಾಕು. ಒಂದು ಪಿನ್ನಿನ ಅಂಚಿಗೆ ಸೊನ್ನೆ ಹಿಡಿದರೆ, ಅದನ್ನು ಬಿಟ್ಟು ಎಣಿಸಿದ 24ನೆಯ ಪಿನ್ನಿನ ಅದೇ ಅಂಚು ಸರಿಯಾಗಿ 12 ಇಂಚಿಗೆ ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನು ಬದಲಿಸಿ. ಎಂಟನೇ ಒಂದು ಭಾಗ ಹೋಗುವವರೆಗೆ ಕಾದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲೂ ಹಾಳಾಗಿರುತ್ತದೆ, ಹೊಸ ಚೈನು ಅದರ ಮೇಲೆ ಜಿಗಿಯುತ್ತದೆ. ಚೈನಿನ ಹಲವು ಪಟ್ಟು ಹಣ ಅದಕ್ಕೆ.

ಬೈಕು ತೊಳೆಯುವ ಸರ್ವಿಸ್ ಸ್ಟೇಷನ್ನಿನ ರಭಸದ ನೀರಿಗೆ ಸೈಕಲ್ ಒಡ್ಡಬೇಡಿ; ಹಬ್ಬು, ಪೆಡಲು, ಹ್ಯಾಂಡಲಿನ ಬುಡದ ಬೇರಿಂಗುಗಳ ಗ್ರೀಸು ಕೊಚ್ಚಿ ನೀರು ಹೊಕ್ಕುತ್ತದೆ. ಬಕೆಟ್ಟು, ಚಿಂದಿಬಟ್ಟೆ ಸಾಕು. ಫೋರ್ಕಿನ ಹೊಳೆಯುವ ಕಾಲುಗಳನ್ನು ಪ್ರತಿ ಸಂಜೆ ಒರೆಸಿ. ಸುಮಾರು 50 ಗಂಟೆ ಓಡಿದ ಮೇಲೆ ಕೆಳಗಿನ ಕಾಲು ಬಿಚ್ಚಿಸಿ ಎಣ್ಣೆ ಬದಲಿಸಿ.

ರಾಗಿ ಹುಲ್ಲು

ನವೆಂಬರಿನಿಂದ ಜನವರಿಯವರೆಗೆ ಹಳ್ಳಿಯ ರಸ್ತೆಗಳೇ ಕಣ. ರಾಗಿ ತೆನೆ, ಹುರುಳಿ ಬಳ್ಳಿ ಹರಡಿ, ಓಡಾಡುವ ಗಾಡಿಗಳ ಚಕ್ರದಿಂದಲೇ ಒಕ್ಕಣೆ ಮಾಡಿಸುತ್ತಾರೆ. ಸೈಕಲ್ಲಿಗೆ ಇದು ಗಂಡಾಂತರ. ಹುಲ್ಲು ಹಿಂದಿನ ಡಿರೈಲರಿನ, ಅಂದರೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗದ, ಸಣ್ಣ ಗಾಲಿಗಳಿಗೆ ಸುತ್ತಿಕೊಳ್ಳುತ್ತದೆ. ಪೆಡಲು ಬಿಗಿಯಾಯಿತೆಂದು ಜೋರಾಗಿ ತುಳಿದರೆ ಡಿರೈಲರನ್ನು ಕಡ್ಡಿಗಳೊಳಕ್ಕೆ ಎಳೆದುಕೊಳ್ಳುತ್ತದೆ. ಇಳಿದು ಪಕ್ಕದಲ್ಲಿ ತಳ್ಳಿಕೊಂಡು ಹೋಗಿ. ನಮ್ಮ ಚೈನಿನ ಜಿಡ್ಡು ಬೇರೆಯವರ ಅನ್ನಕ್ಕೆ ತಾಗುವುದೂ ತಪ್ಪುತ್ತದೆ. ಸುತ್ತಿಕೊಂಡೇ ಬಿಟ್ಟರೆ ಹಿಮ್ಮುಖ ತುಳಿಯಬೇಡಿ. ಬ್ಲೇಡಿನಿಂದ ಕೊಯ್ದು ತೆಗೆಯಿರಿ.

ಡಿರೈಲರನ್ನು ಫ್ರೇಮಿಗೆ ಹಿಡಿದಿರುವ ಅಲ್ಯೂಮಿನಿಯಂ ತುಂಡಿಗೆ ಹ್ಯಾಂಗರ್ ಎನ್ನುತ್ತಾರೆ. ಫ್ರೇಮು ಉಳಿಯಲಿ ಎಂದು ಬೇಕೆಂದೇ ಅದನ್ನು ಮೆದುವಾಗಿ ಮಾಡಿರುತ್ತಾರೆ. ಒಂದೊಂದು ಮಾದರಿಗೆ ಒಂದೊಂದು ಆಕಾರ. ಕೋಲಾರದಲ್ಲೋ ತುಮಕೂರಿನಲ್ಲೋ ಅಂಗಡಿಯಲ್ಲಿ ಹುಡುಕಿದರೆ ನಿಮ್ಮದೇ ಸಿಗುವ ಭರವಸೆಯಿಲ್ಲ. ಸೈಕಲ್ ಕೊಳ್ಳುವ ದಿನವೇ ಒಂದು ಹೆಚ್ಚಿಗೆ ಕೊಂಡು ಸೀಟಿನ ಕೆಳಗೆ ಟೇಪಿನಲ್ಲಿ ಸುತ್ತಿಡಿ. ಅದೂ ಇಲ್ಲದಿದ್ದರೆ: ಡಿರೈಲರ್ ಬಿಚ್ಚಿ ಚೀಲಕ್ಕೆ ಹಾಕಿ, ಚೈನು ನೇರವಾಗಿ ಕೂರುವ ನಡುವಿನ ಒಂದು ಹಲ್ಲುಚಕ್ರ ಆರಿಸಿ, ಚೈನ್ ಟೂಲಿನಿಂದ ತುಂಡರಿಸಿ, ಕ್ವಿಕ್ ಲಿಂಕ್‌ನಲ್ಲಿ ಆದಷ್ಟು ಬಿಗಿಯಾಗಿ ಜೋಡಿಸಿ. ಸಡಿಲ ಬಿಟ್ಟರೆ ಚೈನು ಪಕ್ಕದ ದೊಡ್ಡ ಚಕ್ರಕ್ಕೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಒಂದೇ ಗೇರಿನಲ್ಲಿ ಮೆಲ್ಲಗೆ ಊರು ಸೇರಬಹುದು.

ಚೀಲ, ತೂಕ, ನೀರು

ಭಾರವಾದದ್ದು ಫ್ರೇಮಿನ ತ್ರಿಕೋನದಲ್ಲಿ, ತಳಕ್ಕೆ: ನೀರು, ಸ್ಪ್ಯಾನರು, ಪಂಪು. ಹಗುರವಾಗಿ ಉಬ್ಬಿಕೊಳ್ಳುವ ಹೊದಿಕೆ, ಸೊಳ್ಳೆಪರದೆ ಹ್ಯಾಂಡಲಿಗೆ. ಬಟ್ಟೆಬರೆ ಸೀಟಿನ ಹಿಂದೆ. ಸೀಟಿನ ಚೀಲ ಮೂರು ಕೆ.ಜಿ. ಮೀರಿದರೆ ನಾಯಿಬಾಲದ ಹಾಗೆ ಆಡುತ್ತದೆ. ಫ್ರೇಮು ಸಣ್ಣದಾದರೆ ಹಳ್ಳಕ್ಕೆ ಬಿದ್ದಾಗ ಟೈರಿಗೆ ಉಜ್ಜಿ ತೂತಾಗುತ್ತದೆ. ಕಟ್ಟಿದ ಮೇಲೆ ಚೀಲಕ್ಕೂ ಟೈರಿಗೂ ಒಂದು ಗೇಣಿಗೆ ತುಸು ಕಡಿಮೆಯಾದರೂ ಜಾಗ ಇರಬೇಕು. ಪಟ್ಟಿ ಕಟ್ಟುವ ಕಡೆಯಲ್ಲೆಲ್ಲ ಫ್ರೇಮಿಗೆ ಇನ್ಸುಲೇಶನ್ ಟೇಪು ಸುತ್ತಿ. ಪಟ್ಟಿಯಡಿ ಸೇರುವ ಕೆಂಪು ಧೂಳು ಎರಡೇ ದಿನದಲ್ಲಿ ಬಣ್ಣ ತಿಂದುಹಾಕುತ್ತದೆ. ಕಬ್ಬಿಣದ ಕ್ಯಾರಿಯರ್ ಇದ್ದರೂ ಸರಿ, ಅಗ್ಗ. ಆದರೆ ಬಂಡೆದಾರಿಯಲ್ಲಿ ಬೋಲ್ಟು ಬಿಚ್ಚಿಕೊಳ್ಳುತ್ತವೆ. ಬೋಲ್ಟು ಸಡಿಲವಾಗದಂತೆ ಹಿಡಿಯುವ ಥ್ರೆಡ್‌ಲಾಕ್ ಅಂಟು ಇಲ್ಲದಿದ್ದರೆ ಉಗುರುಬಣ್ಣದ ಒಂದು ಹನಿ ಹಾಕಿ ಬಿಗಿದು, ದಿನಾ ಬೆಳಿಗ್ಗೆ ಒಮ್ಮೆ ಮುಟ್ಟಿ ನೋಡಿ.

ರಾತ್ರಿ ತಂಗಲು ದೇವಸ್ಥಾನದ ಜಗಲಿ, ಛತ್ರ, ಕೇಳಿಕೊಂಡರೆ ತೋಟದ ಮನೆ. ದೇವರಾಯನದುರ್ಗದ ಸುತ್ತ ಚಿರತೆ, ಕರಡಿ ಎರಡೂ ಇವೆ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಸವಾರಿಯೂ ಬೇಡ, ಬಿಡಾರವೂ ಬೇಡ.

ನೀರಿನ ಮಾತು ಕೊಂಚ ಬಿಡಿಸಿ ಹೇಳಬೇಕು. ಬೈಕ್‌ಪ್ಯಾಕಿಂಗ್‌ಗೆಂದು ಮಾರುವ ಪುಟ್ಟ ಫಿಲ್ಟರುಗಳು ಬ್ಯಾಕ್ಟೀರಿಯಾ ತಡೆಯುತ್ತವೆ. ನೀರಿನಲ್ಲಿ ಕರಗಿದ್ದನ್ನು ತಡೆಯುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯ ಬಹಳಷ್ಟು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುದಿಸಿದರೂ ಅದು ಹೋಗದು. ಎರಡು ದಿನ ಕುಡಿದರೆ ಮೂಳೆಗೆ ಕಾಯಿಲೆ ಬರುವುದಿಲ್ಲ, ಆ ಕಾಯಿಲೆ ವರ್ಷಗಟ್ಟಲೆ ಕುಡಿದವರದ್ದು. ಆದರೂ ಆಯ್ಕೆ ಇರುವಾಗ ಬಿಡುವುದು ಮೇಲು. ಕೆರೆ ನೀರು ಇನ್ನೂ ಬೇರೆ ಕತೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ, ಎಚ್.ಎನ್. ವ್ಯಾಲಿಯದ್ದು ಚಿಕ್ಕಬಳ್ಳಾಪುರದ ಕಡೆಗೆ. ಅಂತರ್ಜಲ ತುಂಬಲೆಂದು ಬಿಡುವ ನೀರದು. ತುಂಬಿದ ಕೆರೆ ಕಣ್ಣಿಗೆ ಚೆಂದ, ಬಾಟಲಿಗಲ್ಲ.

ಬೇಸಿಗೆಯಲ್ಲಿ ಹೊರಡುವಾಗ ಮೂರು ಲೀಟರ್ ಇರಲಿ, ಮುಂದಿನದಕ್ಕೆ ಊರೂರಿನ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯ ಹಾಕಿದರೆ ಸಾಮಾನ್ಯವಾಗಿ ಒಂದು ಕ್ಯಾನು, 20 ಲೀಟರ್, ಒಂದೇ ಸಮ ಸುರಿಯುತ್ತದೆ. ನಡುವೆ ನಿಲ್ಲಿಸಲು ಬರುವುದಿಲ್ಲ. ಯಾರಾದರೂ ಕ್ಯಾನು ತರುವವರೆಗೆ ಕಾದು, ಅವರ ನಾಣ್ಯ ನೀವೇ ಹಾಕಿ, "ಅಣ್ಣಾ, ಎರಡು ಬಾಟ್ಲು ಹಿಡ್ಕೊಳ್ಲಾ?" ಎಂದರೆ ಬೇಡ ಅನ್ನುವವರಿಲ್ಲ. ಪ್ಯಾಚ್ ಡಬ್ಬಿಯಲ್ಲಿ ಐದೋ ಆರೋ ಚಿಲ್ಲರೆ ನಾಣ್ಯ ಹಾಕಿಟ್ಟಿರಿ. ಆ ಯಂತ್ರಗಳು ನೋಟು ತೆಗೆದುಕೊಳ್ಳುವುದಿಲ್ಲ.